ಬೆಳಗಿದ ಚಿತ್ರ, ಗುರುತು ಸಿಗದ ಮುಖ

ಮಂದ ಬೆಳಕಿನಲ್ಲಿ ಸೆರೆಯಾದ ಮುಖದ ಚಿತ್ರವನ್ನು ಕಂಪ್ಯೂಟರಿನಲ್ಲಿ ಬೆಳಗಿಸಿ, ಆಮೇಲೆ ಅದನ್ನು ಮುಖಚಹರೆ ಗುರುತಿಸುವ ತಂತ್ರಾಂಶಕ್ಕೆ ಒಪ್ಪಿಸುವ ಪದ್ಧತಿಗೆ ಕಳೆದ ಏಳೆಂಟು ವರ್ಷಗಳಲ್ಲಿ ದೊಡ್ಡ ಹೆಸರು ಬಂದಿದೆ. ಒಂದು ಕಡೆ ರಾತ್ರಿಯ ಸಿಸಿಟಿವಿ ದೃಶ್ಯದ ಕಪ್ಪು ಮಬ್ಬು, ಇನ್ನೊಂದು ಕಡೆ ಅದೇ ದೃಶ್ಯ ಹಗಲಿನಷ್ಟು ತಿಳಿ. ಅಕ್ಕಪಕ್ಕ ಇಟ್ಟ ಇಂಥ ಜೋಡಿ ಚಿತ್ರಗಳನ್ನು ಕಂಡವರಿಗೆ ರಾತ್ರಿ ಕಣ್ಗಾವಲಿನ ತೊಡಕು ಬಗೆಹರಿಯಿತೆಂದೇ ಅನಿಸುತ್ತದೆ. ಈ ಹೆಸರು ಅರ್ಹತೆಯನ್ನು ಮೀರಿದ್ದು. ಚಿತ್ರ ಕಣ್ಣಿಗೆ ಒಪ್ಪುವುದು ಒಂದು ಕೆಲಸ, ಅದರಲ್ಲಿರುವುದು ಯಾರ ಮುಖವೆಂದು ತಪ್ಪಿಲ್ಲದೆ ಹೇಳುವುದು ಬೇರೆಯೇ ಕೆಲಸ. ಮೊದಲನೆಯದರಲ್ಲಿ ಗೆದ್ದ ವಿಧಾನಗಳಿಗೆ ಎರಡನೆಯದರ ಮನ್ನಣೆಯೂ ಪರೀಕ್ಷೆಯಿಲ್ಲದೆ ಸಂದಿದೆ.

ಭಾರತದ ನಗರಗಳಿಗೆ ಇದು ದೂರದ ವಿಷಯವಲ್ಲ. 2015ರ ಜೂನ್ 25ರಂದು ಆರಂಭವಾದ ಸ್ಮಾರ್ಟ್ ಸಿಟಿ ಯೋಜನೆಗೆ 100 ನಗರಗಳು ಆಯ್ಕೆಯಾದವು. ಕರ್ನಾಟಕದಿಂದ ಬೆಂಗಳೂರು, ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ ಮತ್ತು ತುಮಕೂರು ಆ ಪಟ್ಟಿಯಲ್ಲಿದ್ದವು. ಎಲ್ಲ 100 ನಗರಗಳಲ್ಲೂ ಕಮಾಂಡ್ ಮತ್ತು ಕಂಟ್ರೋಲ್ ಕೇಂದ್ರಗಳು ಬಂದವು. ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಡಿ ಸಾವಿರಾರು ಕ್ಯಾಮೆರಾಗಳು ಕಂಬ ಏರಿದವು. ಮಹಿಳೆಯರ ಸುರಕ್ಷತೆಗೆಂದು ಹಾಕಿದ ಕ್ಯಾಮೆರಾದ ನಿಜವಾದ ಪರೀಕ್ಷೆ ಕತ್ತಲಾದ ಮೇಲೆಯೇ. ಆ ಹೊತ್ತಿನಲ್ಲಿ ಅದು ಕೊಡುವ ಮುಖವನ್ನು ಎಷ್ಟು ನಂಬಬಹುದು ಎಂಬುದು, ಆ ದಾರಿಯಲ್ಲಿ ನಡೆದು ಹೋಗುವ ಪ್ರತಿಯೊಬ್ಬರಿಗೂ ಸಂಬಂಧಿಸಿದ ಪ್ರಶ್ನೆ.

ಚಿತ್ರ ಬೆಳಗಿಸುವ ವಿದ್ಯೆಯ ವಂಶಾವಳಿ ಈ ಕ್ಷೇತ್ರ ಬಲ್ಲವರಿಗೆ ಪರಿಚಿತ. ಹೊಳಪಿನ ಹಂಚಿಕೆಯನ್ನು ಸಮಗೊಳಿಸುವ ಹಿಸ್ಟೊಗ್ರಾಂ ತಂತ್ರ ಹಳೆಯದು. ಎಡ್ವಿನ್ ಲ್ಯಾಂಡ್ ಮತ್ತು ಜಾನ್ ಮೆಕ್ಯಾನ್ 1971ರಲ್ಲಿ ವಿವರಿಸಿದ ರೆಟಿನೆಕ್ಸ್ ಸಿದ್ಧಾಂತ, ಕಾಣುವ ದೃಶ್ಯವನ್ನು ವಸ್ತುವಿನ ಗುಣ ಮತ್ತು ಅದರ ಮೇಲೆ ಬಿದ್ದ ಬೆಳಕು ಎಂದು ಬಿಡಿಸಿ ನೋಡಲು ಕಲಿಸಿತು. 2018ರ ರೆಟಿನೆಕ್ಸ್-ನೆಟ್ ಆ ಬಿಡಿಸುವಿಕೆಯನ್ನು ನ್ಯೂರಲ್ ನೆಟ್‌ವರ್ಕ್‌ಗೆ ವಹಿಸಿ, 500 ಜೋಡಿ ಚಿತ್ರಗಳ ದತ್ತಾಂಶವನ್ನೂ ಜೊತೆಗೆ ಕೊಟ್ಟಿತು. ಎನ್‌ಲೈಟನ್‌ಗ್ಯಾನ್‌ಗೆ ಜೋಡಿ ಚಿತ್ರಗಳೇ ಬೇಕಾಗಲಿಲ್ಲ. 2020ರ ಸಿವಿಪಿಆರ್ ಸಮ್ಮೇಳನದಲ್ಲಿ ಚುನ್‌ಲೆ ಗುವೊ ಮತ್ತು ಸಂಗಡಿಗರು ಮಂಡಿಸಿದ ಝೀರೋ-ಡಿಸಿಇ ಇನ್ನೂ ಮುಂದೆ ಹೋಗಿ, ಮಾದರಿ ಚಿತ್ರದ ಹಂಗನ್ನೇ ಬಿಟ್ಟಿತು. ಹಗುರ, ವೇಗ, ಸರಳತೆ ಮೂರೂ ಇದ್ದ ಆ ವಿಧಾನ ಬೇಗ ಹರಡಿತು. ಅದನ್ನೇ ಹತ್ತಿರದಿಂದ ನೋಡುವುದು ಸೂಕ್ತ, ಏಕೆಂದರೆ ಇಡೀ ಪದ್ಧತಿಯ ಬಲವೂ ದೌರ್ಬಲ್ಯವೂ ಅದರಲ್ಲಿ ಬಿಚ್ಚಿಟ್ಟಂತೆ ಕಾಣುತ್ತವೆ.

ಅದರ ಸೂತ್ರ ಒಂದೇ ಸಾಲಿನದು. ಪಿಕ್ಸೆಲ್‌ನ ಹೊಳಪನ್ನು 0ಯಿಂದ 1ರೊಳಗಿನ ಸಂಖ್ಯೆಯಾಗಿ ತೆಗೆದುಕೊಳ್ಳಬೇಕು. 1ರಲ್ಲಿ ಅದನ್ನು ಕಳೆದು, ಉಳಿದದ್ದನ್ನು ಮೂಲ ಸಂಖ್ಯೆಯಿಂದಲೂ ಆಲ್ಫಾ ಎಂಬ ಗುಣಕದಿಂದಲೂ ಗುಣಿಸಿ, ಬಂದದ್ದನ್ನು ಮೂಲ ಸಂಖ್ಯೆಗೆ ಕೂಡಿಸಬೇಕು. ಉತ್ತರದ ಮೇಲೆ ಇದನ್ನೇ ಮತ್ತೆ ಮಾಡಬೇಕು, ಒಟ್ಟು ಎಂಟು ಸುತ್ತು. ಪ್ರತಿ ಪಿಕ್ಸೆಲ್‌ಗೆ, ಪ್ರತಿ ಬಣ್ಣಕ್ಕೆ, ಪ್ರತಿ ಸುತ್ತಿಗೆ ಆಲ್ಫಾ ಎಷ್ಟಿರಬೇಕೆಂದು ಏಳು ಪದರಗಳ, 79,416 ಗುಣಾಂಕಗಳ ಪುಟ್ಟ ನೆಟ್‌ವರ್ಕ್ ಹೇಳುತ್ತದೆ. ಕಪ್ಪನ್ನು ಎತ್ತುವ, ಬಿಳಿಯನ್ನು ಉಕ್ಕಿ ಹರಿಯದಂತೆ ತಡೆಯುವ ಈ ವಕ್ರರೇಖೆ ಗಣಿತವಾಗಿ ಸೊಗಸಾದದ್ದು. ಅದು ಇಲ್ಲದ್ದನ್ನು ಹುಟ್ಟಿಸುವುದೂ ಇಲ್ಲ, ಇದ್ದದ್ದನ್ನು ಹಿಗ್ಗಿಸುತ್ತದೆ ಅಷ್ಟೆ. ಆದರೆ ಮುಖದ ವಿಷಯದಲ್ಲಿ ಆ ಹಿಗ್ಗಿಸುವಿಕೆ ಏನು ಮಾಡುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಸಾಮಾನ್ಯ ಕ್ಯಾಮೆರಾದ ಚಿತ್ರದಲ್ಲಿ ಹೊಳಪಿಗೆ 0ಯಿಂದ 255ರವರೆಗೆ 256 ಹಂತಗಳಿರುತ್ತವೆ. ಕತ್ತಲಲ್ಲಿ ನಿಂತ ಒಬ್ಬರ ಕೆನ್ನೆಯ ಮೇಲಿನ ಮೂರು ಪಿಕ್ಸೆಲ್‌ಗಳ ಹೊಳಪು 10, 11, 12 ಇದೆ ಎನ್ನೋಣ. ಆಲ್ಫಾವನ್ನು 1 ಎಂದಿಟ್ಟು ನಾಲ್ಕೇ ಸುತ್ತು ಹಾಕಿದರೂ ಅವು ಸುಮಾರು 121, 129, 137 ಆಗುತ್ತವೆ. ಚಿತ್ರ ಬೆಳಗಿತು, ನಿಜ. ಆದರೆ ಒಂದು ಹಂತದಷ್ಟಿದ್ದ ಅಂತರ ಎಂಟು ಹಂತದಷ್ಟಾಯಿತು, ಮತ್ತು 121ಕ್ಕೂ 129ಕ್ಕೂ ನಡುವಿನ ಏಳು ಹಂತಗಳು ಖಾಲಿ ಉಳಿದವು. ಹಗಲಿನ ಚಿತ್ರದಲ್ಲಿ ಕೆನ್ನೆಯ ಇಳಿಜಾರು, ಮೂಗಿನ ಬದಿಯ ನೆರಳು, ತುಟಿಯ ಅಂಚು ಇರುವುದೇ ಇಂಥ ನಡುವಿನ ಹಂತಗಳಲ್ಲಿ. ಬೆಳಗಿಸಿದ ಚಿತ್ರದಲ್ಲಿ ಅವು ಇಲ್ಲ, ಏಕೆಂದರೆ ಸೆನ್ಸರ್ ಅವನ್ನು ಹಿಡಿದೇ ಇರಲಿಲ್ಲ.

ಇನ್ನೂ ಕೆಟ್ಟದ್ದೆಂದರೆ, 10 ಮತ್ತು 12ರ ನಡುವಿನ ವ್ಯತ್ಯಾಸ ಮುಖದ್ದೇ ಎಂಬ ಖಾತರಿಯಿಲ್ಲ. ಬೆಳಕು ಫೋಟಾನ್‌ಗಳಾಗಿ ಬರುತ್ತದೆ, ಅವುಗಳ ಎಣಿಕೆಯಲ್ಲಿ ಸಹಜ ಏರುಪೇರು ಇರುತ್ತದೆ. ಸರಾಸರಿ 10,000 ಫೋಟಾನ್ ಬೀಳುವ ಪಿಕ್ಸೆಲ್‌ನಲ್ಲಿ ಏರುಪೇರು ಸುಮಾರು 100, ಅಂದರೆ ಶೇ 1. ಬರೀ 100 ಬಿದ್ದರೆ ಏರುಪೇರು 10, ಅಂದರೆ ಶೇ 10. ಇದಕ್ಕೆ ಸೆನ್ಸರ್‌ನ ವಿದ್ಯುತ್ ನಾಯ್ಸ್ ಬೇರೆ ಸೇರುತ್ತದೆ. ಝೀರೋ-ಡಿಸಿಇಯ ಒಂದು ನಿಯಮದ ಪ್ರಕಾರ ಅಕ್ಕಪಕ್ಕದ ಪಿಕ್ಸೆಲ್‌ಗಳ ಆಲ್ಫಾ ನಯವಾಗಿ ಬದಲಾಗಬೇಕು. ಹಾಗಾಗಿ ನೆರೆಯ ಎರಡು ಪಿಕ್ಸೆಲ್‌ಗಳಲ್ಲಿ ಒಂದರದ್ದು ಚರ್ಮದ ಗುರುತು, ಇನ್ನೊಂದರದ್ದು ನಾಯ್ಸ್ ಎಂದು ವಿಂಗಡಿಸಲು ಅದಕ್ಕೆ ದಾರಿಯೇ ಇಲ್ಲ, ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ನಾಯ್ಸ್‌ನ ಪರಿಣಾಮವನ್ನು ಲೇಖಕರೇ ಉಪಸಂಹಾರದಲ್ಲಿ ಮುಂದಿನ ಕೆಲಸಕ್ಕೆ ಬಿಟ್ಟಿದ್ದಾರೆ. ಆ ಮಾತನ್ನು ಪ್ರಾಮಾಣಿಕವಾಗಿ ದಾಖಲಿಸಿದವರು ಅವರು. ಅದನ್ನು ಓದದೆ ಮುಂದೆ ಸಾಗಿದವರು ಅನ್ವಯಿಸಿದವರು.

ವಿಧಾನದ ಗುಟ್ಟು ಇರುವುದು ಅದನ್ನು ತರಬೇತುಗೊಳಿಸುವ ನಾಲ್ಕು ಅಳತೆಗಳಲ್ಲಿ. ಅಕ್ಕಪಕ್ಕದ ಪ್ರದೇಶಗಳ ವ್ಯತ್ಯಾಸ ಉಳಿಯಬೇಕು, ಹೊಳಪು ಹದವಾಗಿರಬೇಕು, ಬಣ್ಣ ಸಮತೂಕದಲ್ಲಿರಬೇಕು, ವಕ್ರರೇಖೆ ನಯವಾಗಿರಬೇಕು. ಎರಡನೆಯ ಅಳತೆಯ ಮೇಲೆ ಯಾರೂ ಹೆಚ್ಚು ಹೊತ್ತು ನಿಂತಿಲ್ಲ, ನಿಲ್ಲಬೇಕಾದದ್ದು ಅಲ್ಲಿಯೇ. ಚಿತ್ರವನ್ನು 16×16 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಸರಾಸರಿ ಹೊಳಪು 0.6ಕ್ಕೆ ಎಷ್ಟು ಹತ್ತಿರವಿದೆ ಎಂದು ನೋಡಲಾಗುತ್ತದೆ. ದೂರವಿದ್ದಷ್ಟೂ ದಂಡ ಹೆಚ್ಚು. ಆ ಚೌಕದೊಳಗೆ ಬಿಳಿ ಗೋಡೆ ಇರಲಿ, ಟಾರು ರಸ್ತೆ ಇರಲಿ, ಕಪ್ಪು ಮೈಬಣ್ಣದ ಮುಖವೇ ಇರಲಿ, ಗುರಿ ಮಾತ್ರ 0.6. ಉಳಿದ ಮೂರು ಅಳತೆಗಳು ಈ ಒತ್ತಡವನ್ನು ಸ್ವಲ್ಪ ತಡೆಯುತ್ತವೆ, ಆದರೆ ಒತ್ತಡದ ದಿಕ್ಕು ಬದಲಾಗುವುದಿಲ್ಲ. ಈ ಗುರಿಯನ್ನು 0.4ರಿಂದ 0.7ರೊಳಗೆ ಎಲ್ಲಿಟ್ಟರೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು ಪ್ರಬಂಧ ಹೇಳುತ್ತದೆ. ಚೆಲುವಾದ ಚಿತ್ರ ಬೇಕೆನ್ನುವವರಿಗೆ ಅದು ಸರಿಯಾದ ಉತ್ತರ. ದಕ್ಷಿಣ ಭಾರತದ ಬೀದಿಯೊಂದರಲ್ಲಿ ಹಲವು ಮೈಬಣ್ಣದ ಜನರನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸಿ ಹೇಳಬೇಕಾದ ವ್ಯವಸ್ಥೆಗೆ ಅದು ಉತ್ತರವೇ ಅಲ್ಲ.

ಬಣ್ಣದ ಅಳತೆಯದೂ ಇದೇ ಕಥೆ. ಇಡೀ ಚಿತ್ರದ ಸರಾಸರಿ ಬಣ್ಣ ಬೂದಿಗೆ ಹತ್ತಿರವಿರುತ್ತದೆ ಎಂಬ ಹಳೆಯ ಊಹೆಯನ್ನು ಅದು ಆಧರಿಸಿದೆ. ಹಗಲಿನ ಬಯಲು ದೃಶ್ಯಕ್ಕೆ ಊಹೆ ಸಲ್ಲುತ್ತದೆ. ಹಳದಿ ಸೋಡಿಯಂ ದೀಪದ ಕೆಳಗೆ ಸಲ್ಲುವುದಿಲ್ಲ, ಅಲ್ಲಿ ನೀಲಿ ಬೆಳಕು ತೀರಾ ಕಡಿಮೆ. ಇಲ್ಲದ ನೀಲಿಯನ್ನು ಸಮತೂಕಕ್ಕಾಗಿ ಎತ್ತಿದರೆ ಮೇಲೆ ಬರುವುದು ನೀಲಿ ವಾಹಿನಿಯ ನಾಯ್ಸ್. ಚಿತ್ರದಲ್ಲಿ ಕಾಣುವ ಮೈಬಣ್ಣ ಆಗ ಲೆಕ್ಕಾಚಾರದ ಫಲ, ವ್ಯಕ್ತಿಯ ಮೈಬಣ್ಣವಲ್ಲ. ಒಟ್ಟಿನಲ್ಲಿ ಈ ನಾಲ್ಕು ಅಳತೆಗಳಲ್ಲಿ ಒಂದೂ ಇದು ಯಾರ ಮುಖ ಎಂಬ ಪ್ರಶ್ನೆಯನ್ನು ಕೇಳುವುದಿಲ್ಲ. ಕೇಳಬೇಕೆಂದು ವಿಧಾನವನ್ನು ರೂಪಿಸಿದವರು ಹೊರಟಿರಲೂ ಇಲ್ಲ.

ಹಾಗಿದ್ದರೂ ಮುಖ ಗುರುತಿಸಲು ಇದು ಉಪಯುಕ್ತ ಎಂಬ ನಂಬಿಕೆ ಎಲ್ಲಿಂದ ಬಂತು? ಅದೇ ಪ್ರಬಂಧದಲ್ಲಿ ಡಾರ್ಕ್ ಫೇಸ್ ದತ್ತಾಂಶದ 6,000 ರಾತ್ರಿ ಚಿತ್ರಗಳ ಮೇಲೆ ನಡೆಸಿದ ಪರೀಕ್ಷೆಯಿದೆ. ಬೆಳಗಿಸಿದ ಮೇಲೆ ಮುಖ ಪತ್ತೆ ಮಾಡುವ ತಂತ್ರಾಂಶದ ಸಾಧನೆ ಹೆಚ್ಚಿತು ಎಂಬುದು ಅದರ ಫಲ. ಫಲಿತಾಂಶ ಸರಿಯಾದದ್ದೇ. ಆದರೆ ಪತ್ತೆ ಎಂದರೆ ಚಿತ್ರದ ಈ ಭಾಗದಲ್ಲಿ ಒಂದು ಮುಖವಿದೆ ಎಂದು ಚೌಕ ಹಾಕುವುದು. ಗುರುತು ಎಂದರೆ ಆ ಮುಖ ಇಂಥವರದೇ ಎಂದು ಹೇಳುವುದು. ಪತ್ತೆಗೆ ಎರಡು ಕಣ್ಣು, ಮೂಗು, ಬಾಯಿಯ ಒರಟು ವಿನ್ಯಾಸ ಸಾಕು. ಗುರುತಿಗೆ ಮನುಷ್ಯರೆಲ್ಲರಲ್ಲೂ ಇರುವ ಆ ವಿನ್ಯಾಸದೊಳಗೆ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡುವ ಸೂಕ್ಷ್ಮಗಳು ಬೇಕು. 2015ರ ಫೇಸ್‌ನೆಟ್ ಒಂದು ಮುಖವನ್ನು 128 ಸಂಖ್ಯೆಗಳ ಸಾಲಾಗಿ ಬರೆದು, ಎರಡು ಸಾಲುಗಳ ನಡುವಿನ ದೂರವನ್ನು ಅಳೆಯುತ್ತದೆ. ನಾಯ್ಸ್ ಎಂಟು ಪಟ್ಟು ಹಿಗ್ಗಿದ ಕೆನ್ನೆ ಆ ಸಂಖ್ಯೆಗಳನ್ನು ಎತ್ತ ತಳ್ಳುತ್ತದೆ ಎಂಬ ಪ್ರಶ್ನೆಗೆ ಮುಖ ಪತ್ತೆಯ ಅಂಕ ಏನನ್ನೂ ಹೇಳಲಾರದು. ಪತ್ತೆಯ ಯಶಸ್ಸನ್ನು ಗುರುತಿನ ಯಶಸ್ಸೆಂದು ಉದ್ಧರಿಸುವುದು ಈ ಕ್ಷೇತ್ರದ ಅತಿ ದೊಡ್ಡ ಅಸಡ್ಡೆ.

ಬೀದಿಯ ಕ್ಯಾಮೆರಾದಲ್ಲಿ ತೊಂದರೆ ಇನ್ನೂ ಮುಂಚೆಯೇ ಶುರುವಾಗುತ್ತದೆ. ಕತ್ತಲಲ್ಲಿ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು. ಸೆಕೆಂಡಿನ 25ನೇ ಒಂದು ಭಾಗದಷ್ಟು ಹೊತ್ತು ತೆರೆದರೂ, ಸೆಕೆಂಡಿಗೆ 1.4 ಮೀಟರ್ ವೇಗದಲ್ಲಿ ಅಡ್ಡ ಹಾಯುವವರು ಅಷ್ಟರಲ್ಲಿ 5.6 ಸೆಂಟಿಮೀಟರ್ ಸಾಗಿರುತ್ತಾರೆ. ಕಣ್ಣಿನ ಅಗಲಕ್ಕಿಂತ ಅದು ಹೆಚ್ಚು. ವ್ಯಕ್ತಿಯನ್ನು ಗುರುತಿಸಲು ಮೀಟರಿಗೆ 250 ಪಿಕ್ಸೆಲ್ ಬೇಕೆಂದು ಐಇಸಿ 62676-4 ಮಾನದಂಡ ಹೇಳುತ್ತದೆ, ಅಂದರೆ 16 ಸೆಂಟಿಮೀಟರ್ ಅಗಲದ ಮುಖಕ್ಕೆ 40 ಪಿಕ್ಸೆಲ್. ಆ ನಲವತ್ತರಲ್ಲಿ ಹದಿನಾಲ್ಕು ಪಿಕ್ಸೆಲ್‌ಗಳಷ್ಟು ಉದ್ದಕ್ಕೆ ಎಲ್ಲವೂ ಕಲಸಿಹೋಗಿರುತ್ತದೆ. ಬಳಿಕ ದೃಶ್ಯವನ್ನು ಕುಗ್ಗಿಸುವ ಎಚ್.264ರಂಥ ಕ್ರಮ, ಕತ್ತಲೆ ಭಾಗದ ಸಣ್ಣ ವಿವರಗಳನ್ನು ಮೊದಲು ಬಿಟ್ಟುಕೊಡುತ್ತದೆ. ಬೆಳಗಿಸುವ ತಂತ್ರಾಂಶದ ಕೈಗೆ ಚಿತ್ರ ಸಿಗುವುದು ಇದೆಲ್ಲ ಆದ ಮೇಲೆ. ಯಾವ ಲೆಕ್ಕಾಚಾರವೂ ಕಳೆದುಹೋದ ಮಾಹಿತಿಯನ್ನು ಮರಳಿ ತರಲಾರದು ಎಂಬುದು ಮಾಹಿತಿ ಸಿದ್ಧಾಂತದ ಮೂಲ ಪಾಠಗಳಲ್ಲಿ ಒಂದು. 2018ರಲ್ಲಿ ಚೆನ್ ಚೆನ್ ಮತ್ತು ಸಂಗಡಿಗರು ಗಾಢ ಕತ್ತಲಿನ ಚಿತ್ರಗಳಿಂದ ಬೆರಗುಗೊಳಿಸುವ ವಿವರ ತೆಗೆದದ್ದು ನಿಜ, ಆದರೆ ಅವರು ಬಳಸಿದ್ದು ಉತ್ತಮ ಕ್ಯಾಮೆರಾಗಳ ಕಚ್ಚಾ ಸೆನ್ಸರ್ ದತ್ತಾಂಶವನ್ನು, ಅಲುಗಾಡದ ದೃಶ್ಯಗಳಲ್ಲಿ. ಕಂಬದ ಕ್ಯಾಮೆರಾ ಕಳಿಸುವ ಕುಗ್ಗಿಸಿದ ದೃಶ್ಯಕ್ಕೆ ಆ ಫಲವನ್ನು ಅನ್ವಯಿಸಲಾಗದು.

ಕಳೆದದ್ದನ್ನು ತುಂಬಿಕೊಡುತ್ತೇವೆ ಎನ್ನುವ ಸೃಜನಾತ್ಮಕ ಮಾದರಿಗಳು ಇನ್ನೂ ಅಪಾಯಕಾರಿ. ಡ್ಯೂಕ್ ವಿಶ್ವವಿದ್ಯಾಲಯದ ಪಲ್ಸ್ ಎಂಬ ಮಾದರಿ 2020ರಲ್ಲಿ ಬರಾಕ್ ಒಬಾಮ ಅವರ ಮಸುಕು ಚಿತ್ರವನ್ನು ತಿಳಿಗೊಳಿಸಿದಾಗ ಬಿಳಿಯ ಗಂಡಸೊಬ್ಬರ ಮುಖ ಮೂಡಿತು. ಕೆಲಸ ಕೆಟ್ಟದ್ದರಿಂದ ಹಾಗಾದದ್ದಲ್ಲ, ಆ ಮಸುಕಿಗೆ ಹೊಂದುವ ಹಲವು ಮುಖಗಳಲ್ಲಿ ತರಬೇತಿಯಲ್ಲಿ ಹೆಚ್ಚು ಕಂಡಂಥದ್ದನ್ನು ಅದು ಆರಿಸಿತು. ಕತ್ತಲ ಮುಖಕ್ಕೆ ವಿವರ ತುಂಬುವ ಮಾದರಿ ಮಾಡುವುದೂ ಇದನ್ನೇ. ಮನರಂಜನೆಗೆ ಇದು ನಡೆಯುತ್ತದೆ. ಪೊಲೀಸ್ ದಾಖಲೆಗೆ ಸಲ್ಲದು.

ಇದರ ಎದುರು, ಮರೆತುಹೋದ ಒಂದು ಕೆಲಸವನ್ನು ನೆನೆಯಬೇಕು. ಷಿಯಾಯಾಂಗ್ ಟಾನ್ ಮತ್ತು ಬಿಲ್ ಟ್ರಿಗ್ಸ್ 2007ರಲ್ಲಿ ಮಂಡಿಸಿ 2010ರಲ್ಲಿ ವಿಸ್ತರಿಸಿದ ವಿಧಾನದಲ್ಲಿ ನ್ಯೂರಲ್ ನೆಟ್‌ವರ್ಕ್ ಇಲ್ಲ. ಗಾಮಾ ತಿದ್ದುಪಡಿಯಿಂದ ಕತ್ತಲನ್ನು ಎತ್ತುವುದು, ಎರಡು ಗಾಸಿಯನ್ ಶೋಧಕಗಳ ವ್ಯತ್ಯಾಸದಿಂದ ದೊಡ್ಡ ನೆರಳನ್ನೂ ಅತಿ ಸಣ್ಣ ನಾಯ್ಸನ್ನೂ ತೆಗೆಯುವುದು, ಕೊನೆಗೆ ಕಾಂಟ್ರಾಸ್ಟ್ ಸಮಗೊಳಿಸುವುದು, ಇಷ್ಟೇ. ಹೊರಬರುವ ಚಿತ್ರ ಬೂದು ಬಣ್ಣದ್ದು, ಗೀಚಿದಂಥದ್ದು, ಪ್ರದರ್ಶನಕ್ಕೆ ಇಡುವಂಥದ್ದಲ್ಲ. ಆದರೆ ಲೇಖಕರು ಅದನ್ನು ಅಳೆದದ್ದು ಗುರುತಿನ ಪರೀಕ್ಷೆಯಲ್ಲಿ. ಎಕ್ಸ್‌ಟೆಂಡೆಡ್ ಯೇಲ್-ಬಿಯ 38 ಜನರ, 64 ಬಗೆಯ ಬೆಳಕಿನ ಚಿತ್ರಗಳಂಥ ದತ್ತಾಂಶಗಳ ಮೇಲೆ ಅದು ಗುರುತಿನ ದರವನ್ನು ಏರಿಸಿತು. ಅದು ಪ್ರಯೋಗಶಾಲೆಯ ಬೆಳಕು, ಇಂದಿನ ಆಳ ಮಾದರಿಗಳ ಮುಂದೆ ಆ ಸಂಖ್ಯೆಗಳು ಹಳೆಯವು, ಎರಡೂ ಒಪ್ಪತಕ್ಕ ಮಾತು. ಹಾಗಿದ್ದರೂ ಗುರುತಿಗಾಗಿ ಮಾಡಿದ್ದನ್ನು ಗುರುತಿನಿಂದಲೇ ಅಳೆಯಬೇಕು ಎಂಬ ಅದರ ಶಿಸ್ತು ಹಳೆಯದಾಗಿಲ್ಲ. ಮುಂದೆ ಬಂದವರು ಚೆಲುವಿನ ಅಳತೆಗಳಾದ ಪಿಎಸ್‌ಎನ್‌ಆರ್, ಎಸ್‌ಎಸ್‌ಐಎಂ, ಎನ್‌ಐಕ್ಯೂಇಗಳ ಹಿಂದೆ ಹೋಗಿ ಆ ಶಿಸ್ತನ್ನು ಬಿಟ್ಟುಕೊಟ್ಟರು.

ಇಲ್ಲಿ ಇನ್ನೊಂದು ಬಣದ ವಿಮರ್ಶಕರ ಜೊತೆಗೂ ಜಗಳ ಅನಿವಾರ್ಯ. ಮುಖಚಹರೆ ಗುರುತಿಸುವಿಕೆಯನ್ನು ವಿರೋಧಿಸುವ ಹಕ್ಕುಪರ ಬರಹಗಳಲ್ಲಿ ಹೆಚ್ಚಿನವು, ಅದು ತಪ್ಪು ಮಾಡುತ್ತದೆ ಎಂಬ ಒಂದೇ ವಾದವನ್ನು ನೆಚ್ಚಿಕೊಂಡಿವೆ. ಜಾಯ್ ಬುವೊಲಮ್‌ವಿನಿ ಮತ್ತು ಟಿಮ್‌ನಿಟ್ ಗೆಬ್ರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಶೇ 34.7 ಎಂಬ ಸಂಖ್ಯೆ ಎಲ್ಲೆಡೆ ಬರುತ್ತದೆ. ಅದು ಕಪ್ಪು ಮೈಬಣ್ಣದ ಮಹಿಳೆಯರ ವಿಷಯದಲ್ಲಿ ಕಂಡ ಅತಿ ಹೆಚ್ಚಿನ ದೋಷ, ಬಿಳಿ ಗಂಡಸರಲ್ಲಿ ಅತಿ ಹೆಚ್ಚಿನ ದೋಷವೂ ಶೇ 0.8 ಮಾತ್ರ. ಮಹತ್ವದ ಅಧ್ಯಯನ, ಸಂಶಯವಿಲ್ಲ. ಆದರೆ ಅದು ಪರೀಕ್ಷಿಸಿದ್ದು ಹೆಣ್ಣೋ ಗಂಡೋ ಎಂದು ಹೇಳುವ ಮೂರು ಕಂಪನಿಗಳ ತಂತ್ರಾಂಶವನ್ನು, ಇವರು ಯಾರು ಎಂದು ಹೇಳುವುದನ್ನಲ್ಲ. ಮರುವರ್ಷದ ಮರುಪರೀಕ್ಷೆಯಲ್ಲಿ ಅದೇ ಮೂರು ಕಂಪನಿಗಳ ದೋಷ ಗಣನೀಯವಾಗಿ ಇಳಿದಿತ್ತು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 2018ರ ಪರೀಕ್ಷೆಯಲ್ಲಿ, ಒಳ್ಳೆಯ ಗುಣಮಟ್ಟದ ಭಾವಚಿತ್ರಗಳ ಹುಡುಕಾಟದ ವೈಫಲ್ಯ ಶೇ 0.2ಕ್ಕೆ ಇಳಿದಿತ್ತು. 2014ರಲ್ಲಿ ಅದು ಶೇ 4 ಇತ್ತು. ನಿಖರತೆ ಇಲ್ಲ ಎಂಬ ಒಂದೇ ಆಯುಧ ಹಿಡಿದವರ ಕೈ ಇಂಥ ಸಂಖ್ಯೆ ಬಂದ ದಿನ ಬರಿದಾಗುತ್ತದೆ. ಅಷ್ಟೇ ಅಲ್ಲ, ಬೆಳಗಿಸುವ ತಂತ್ರಾಂಶದ ಮಾರಾಟಕ್ಕೆ ಅವರ ವಾದವೇ ದಾರಿ ಮಾಡಿಕೊಡುತ್ತದೆ. ಕತ್ತಲಲ್ಲಿ ತಪ್ಪಾಗುತ್ತದೆ ಎಂದಿರಿ, ಇದೋ ಬೆಳಗಿಸುತ್ತೇವೆ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆ. ಚಿತ್ರವನ್ನು ತಿದ್ದಿದ ಮೇಲೆ ಅದಕ್ಕೆ ಸಾಕ್ಷ್ಯದ ಬೆಲೆ ಎಷ್ಟು, ತಿದ್ದಿದ್ದನ್ನು ಯಾರಿಗೆ ತಿಳಿಸಲಾಗಿದೆ? ಜಾರ್ಜ್‌ಟೌನ್ ಕಾನೂನು ಕೇಂದ್ರದ 2019ರ ವರದಿ ಈ ಪ್ರಶ್ನೆಯನ್ನು ಸರಿಯಾಗಿ ಕೇಳಿತ್ತು. ಮುಚ್ಚಿದ ಕಣ್ಣಿಗೆ ಬೇರೆಯವರ ತೆರೆದ ಕಣ್ಣು ಅಂಟಿಸಿ ಹುಡುಕಿದ್ದನ್ನೂ, ಆರೋಪಿ ಒಬ್ಬ ನಟನನ್ನು ಹೋಲುತ್ತಾನೆಂದು ನಟನ ಚಿತ್ರವನ್ನೇ ಹಾಕಿ ಹುಡುಕಿದ್ದನ್ನೂ ಅದು ದಾಖಲಿಸಿತು. 2020ರ ಜನವರಿಯಲ್ಲಿ, ಡೆಟ್ರಾಯಿಟ್‌ನ ಅಂಗಡಿಯೊಂದರ ಮಸುಕು ಸಿಸಿಟಿವಿ ಚಿತ್ರ ಹಳೆಯ ಚಾಲನಾ ಪರವಾನಗಿಯ ಭಾವಚಿತ್ರಕ್ಕೆ ಹೊಂದಿತೆಂದು ನಿರಪರಾಧಿಯೊಬ್ಬರು ಮನೆಯವರೆದುರೇ ಬಂಧನಕ್ಕೊಳಗಾದರು. ಭಾರತದಲ್ಲಿ, ಶೇ 80ಕ್ಕಿಂತ ಹೆಚ್ಚಿನ ಹೋಲಿಕೆಯನ್ನು ಹೊಂದಾಣಿಕೆಯೆಂದು ಪರಿಗಣಿಸುವುದಾಗಿ ದೆಹಲಿ ಪೊಲೀಸರು 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸಿದ್ದರು. ಯಾವ ಬೆಳಕಿನ ಚಿತ್ರಕ್ಕೆ ಶೇ 80? ಬೆಳಗಿಸುವ ಮುಂಚಿನದೋ, ನಂತರದ್ದೋ? ಬೆಳಗಿಸಿದಾಗ ಎಲ್ಲ ಮುಖಗಳೂ ಒಂದೇ ಹೊಳಪಿನತ್ತ ಸರಿಯುವುದಾದರೆ ಅಪರಿಚಿತರಿಬ್ಬರ ಹೋಲಿಕೆಯ ಅಂಕವೂ ಏರಬಹುದು. ಈ ಪ್ರಶ್ನೆಗಳನ್ನು ಎತ್ತದ ವಿರೋಧ, ವಿರೋಧದ ಸದ್ದಷ್ಟೇ ಆಗಿ ಉಳಿಯುತ್ತದೆ.

ಬೆಳಗಿಸುವ ವಿದ್ಯೆ ನಿರುಪಯೋಗಿ ಎಂದು ಇದರ ಅರ್ಥವಲ್ಲ. ಕಮಾಂಡ್ ಕೇಂದ್ರದಲ್ಲಿ ಕೂತವರಿಗೆ ರಸ್ತೆಯಲ್ಲಿ ಯಾರೋ ಬಿದ್ದಿದ್ದಾರೆ, ಗುಂಪು ಸೇರುತ್ತಿದೆ, ವಾಹನ ಅಡ್ಡ ನಿಂತಿದೆ ಎಂದು ತಿಳಿಯಲು ಅದು ನಿಜವಾದ ನೆರವು. ಆ ಕೆಲಸಕ್ಕೆ ಝೀರೋ-ಡಿಸಿಇಯ ವೇಗ ಮತ್ತು ಹಗುರತನ ಹೊಗಳಿಕೆಗೆ ಅರ್ಹ.

ಗುರುತಿನ ಕೆಲಸ ಆಗಬೇಕಾದಲ್ಲಿ ಮಾತ್ರ ಪರಿಹಾರ ಇರುವುದು ಚಿತ್ರ ತೆಗೆದ ಮೇಲಲ್ಲ, ತೆಗೆಯುವ ಹಂತದಲ್ಲಿ. ಬೀದಿ ದೀಪ ಕೆಟ್ಟಲ್ಲಿ ಅದನ್ನು ಸರಿಪಡಿಸುವುದು ಮೊದಲ ಕೆಲಸ. ನಡೆಯುವವರಿಗೆ ಬೇಕಾದ ಬೆಳಕೂ ಅದೇ. ದೊಡ್ಡ ಸೆನ್ಸರ್, ಮುಖದ ಎತ್ತರಕ್ಕೆ ಹತ್ತಿರವಾದ ಕ್ಯಾಮೆರಾ, ಚಲನೆ ಕಲಸದಷ್ಟು ವೇಗದ ಶಟರ್ ಆಮೇಲಿನವು. 850 ನ್ಯಾನೊಮೀಟರ್‌ನ ಅವಕೆಂಪು ದೀಪಗಳಿಗೆ ಒಂದು ಅನುಕೂಲವಿದೆ: ಆ ಅಲೆಯುದ್ದದಲ್ಲಿ ಮೆಲನಿನ್ ಕಡಿಮೆ ಬೆಳಕು ಹೀರುವುದರಿಂದ ಮೈಬಣ್ಣಗಳ ಅಂತರ ಕುಗ್ಗುತ್ತದೆ. ಆದರೆ ಅವಕೆಂಪು ಚಿತ್ರವನ್ನು ಬಣ್ಣದ ಗುರುತಿನ ಚೀಟಿಯ ಚಿತ್ರಕ್ಕೆ ಹೋಲಿಸುವುದು ತನ್ನದೇ ಕಷ್ಟವಿರುವ ಸಮಸ್ಯೆ. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರದ ಗುಣಮಟ್ಟ ಸಾಲದಿದ್ದಾಗ ಗೊತ್ತಿಲ್ಲ ಎಂದು ಹೇಳುವ ವ್ಯವಸ್ಥೆ ಬೇಕು. ದಿನಕ್ಕೆ ಒಂದು ಲಕ್ಷ ಮುಖ ಹಾದುಹೋಗುವ ವೃತ್ತದಲ್ಲಿ ಸಾವಿರಕ್ಕೊಂದು ತಪ್ಪಾದರೂ ದಿನಕ್ಕೆ ನೂರು ಜನರ ಮೇಲೆ ಸುಳ್ಳು ಗುಮಾನಿ ಬೀಳುತ್ತದೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಖಾಸಗಿತನಕ್ಕೆ ಕೈ ಹಾಕುವ ಕ್ರಮಕ್ಕೆ ಕಾನೂನಿನ ಆಧಾರವಿರಬೇಕು, ಉದ್ದೇಶಕ್ಕೆ ತಕ್ಕ ಪ್ರಮಾಣವಿರಬೇಕು ಎಂಬುದು ಆ ತೀರ್ಪಿನ ತಿರುಳು. ಗುರುತಿಗೆ ನೆರವಾಗುತ್ತದೆಂದು ಸಾಬೀತಾಗದ ಚಿತ್ರ ತಿದ್ದುವಿಕೆ ಈ ಅಳತೆಯಲ್ಲಿ ನಿಲ್ಲಲಾರದು. ನಗರಪಾಲಿಕೆಗಳು ಮತ್ತು ಪೊಲೀಸ್ ಇಲಾಖೆಗಳು ಇನ್ನು ಮುಂದಿನ ಟೆಂಡರುಗಳಲ್ಲಿ ಮೂರು ಷರತ್ತು ಹಾಕಬೇಕು: ತಮ್ಮದೇ ಬೀದಿಯಲ್ಲಿ, ತಮ್ಮದೇ ಜನರ ಮೈಬಣ್ಣಗಳಲ್ಲಿ, ರಾತ್ರಿ ಹೊತ್ತು ಗುರುತಿನ ಪರೀಕ್ಷೆ ನಡೆದಿರಬೇಕು, ಮೂಲ ಚಿತ್ರ ಮತ್ತು ತಿದ್ದಿದ ಚಿತ್ರ ಎರಡೂ ಉಳಿದಿರಬೇಕು, ತಿದ್ದಿದ ಚಿತ್ರವೊಂದರ ಮೇಲೆಯೇ ಯಾರನ್ನೂ ಬಂಧಿಸಬಾರದು. ಈ ಮೂರಕ್ಕೆ ಒಪ್ಪದ ತಂತ್ರಾಂಶವನ್ನು ಕೊಳ್ಳಬಾರದು.